ಸ್ಕ್ಯಾನ್ ಸರಿ ಇದೆ, ಮುಟ್ಟು ಮಾತ್ರ ಬರುತ್ತಿಲ್ಲ

ಹಾಸನದ ಓದುಗರೊಬ್ಬರ ಪತ್ರ: ತಂಗಿಗೆ 23 ವರ್ಷ. ಮ್ಯಾರಥಾನ್ ಅಂತ ದಿನಾ ಓಡುತ್ತಾಳೆ, ರಾತ್ರಿ ಊಟ ಬಿಟ್ಟಿದ್ದಾಳೆ. ಏಳು ತಿಂಗಳಿಂದ ಮುಟ್ಟಾಗಿಲ್ಲ. ‘ಮೆದುಳಿನಿಂದ ಸಿಗ್ನಲ್ ಬರ್ತಿಲ್ಲ’ ಅಂತ ಡಾಕ್ಟರ್ ಅಂದದ್ದೇ ತಡ, ಮನೆಯಲ್ಲಿ ‘ಹುಡುಗಿಗೆ ತಲೆ ಸರಿ ಇಲ್ವಂತೆ’ ಅಂತ ಮಾತು ಶುರುವಾಗಿದೆ. ಮುಂದೆ ಮಕ್ಕಳಾಗುತ್ತವಾ?

ಸಂಪಾದಕರ ಉತ್ತರ: ಮೊದಲು ಮನೆಯವರಿಗೆಲ್ಲ ಇದನ್ನು ಓದಿ ಹೇಳಿ. ಡಾಕ್ಟರ್ ಹೇಳಿದ್ದು ಬುದ್ಧಿಯ ವಿಷಯ ಅಲ್ಲವೇ ಅಲ್ಲ.

ಮೆದುಳಿನ ಬುಡದಲ್ಲಿ ಹೈಪೋಥಲಾಮಸ್ ಅಂತ ಬಾದಾಮಿಯಷ್ಟು ದೊಡ್ಡ ಜಾಗವಿದೆ. ಅಲ್ಲಿ ಜಿಎನ್‌ಆರ್‌ಎಚ್ ಎಂಬ ಹಾರ್ಮೋನ್ ಬಿಡುವ ಕೋಶಗಳು ಹೆಚ್ಚೆಂದರೆ ಒಂದೆರಡು ಸಾವಿರ. ಅವು ಒಂದು, ಒಂದೂವರೆ ಗಂಟೆಗೊಮ್ಮೆ ಒಂದಿಷ್ಟು ಹಾರ್ಮೋನ್ ಬಿಟ್ಟರೆ ಅದರ ಕೆಳಗಿರುವ ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಇನ್ನೆರಡು ಹಾರ್ಮೋನ್ ಕಳಿಸುತ್ತದೆ, ಆಗಲೇ ಅಂಡಾಶಯದಲ್ಲಿ ಅಂಡ ಬೆಳೆದು ಹೊರಬರುವುದು. ಬಿಟ್ಟು ಬಿಟ್ಟು ಬರಬೇಕು, ಅದೇ ಮುಖ್ಯ. 1978ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಅರ್ನ್ಸ್ಟ್ ನೋಬಿಲ್ ತಂಡ ಇದನ್ನು ಕೋತಿಗಳಲ್ಲಿ ತೋರಿಸಿತು: ಜಿಎನ್‌ಆರ್‌ಎಚ್ ಅನ್ನು ಗಂಟೆಗೊಮ್ಮೆ ಕೊಟ್ಟಾಗ ಎಲ್‌ಎಚ್ ಏರಿತು, ಅದೇ ಹಾರ್ಮೋನನ್ನು ಎಡೆಬಿಡದೆ ಹನಿಸಿದಾಗ ಇಳಿದೇ ಹೋಯಿತು.

ಈ ಕೋಶಗಳಿಗೆ ತಾಳ ಹಾಕಿಕೊಡುವುದು ಪಕ್ಕದ ಕಿಸ್‌ಪೆಪ್ಟಿನ್ ಕೋಶಗಳು. ಊಟ ಸಾಲದೆ ಮೈಯ ಕೊಬ್ಬು ಕರಗಿದರೆ ಲೆಪ್ಟಿನ್ ಎಂಬ ಹಾರ್ಮೋನ್ ಇಳಿಯುತ್ತದೆ, ಅದು ಇಳಿದರೆ ತಾಳ ನಿಧಾನವಾಗುತ್ತದೆ. ಓಟಕ್ಕೇ ಸಾಲದ ಅನ್ನದಲ್ಲಿ ಮಗುವನ್ನು ಹೊರುವುದು ಹೇಗೆ? ಮೈ ಆ ಕೆಲಸವನ್ನು ಸದ್ಯಕ್ಕೆ ನಿಲ್ಲಿಸಿಬಿಡುತ್ತದೆ. ಚಿಂತೆ ಜಾಸ್ತಿಯಾದರೂ ಹೀಗಾಗುವುದುಂಟು. ಮನೆಯವರ ಚುಚ್ಚುಮಾತು ಆ ಹುಡುಗಿಗೆ ಎಷ್ಟು ಭಾರವಾಗಿರಬೇಕು!

ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನ್) ಹೆಚ್ಚುಕಮ್ಮಿಯಾದರೂ ಮುಟ್ಟು ನಿಲ್ಲಬಹುದು, ಅವುಗಳ ಪರೀಕ್ಷೆ ಆಗಿದೆಯಾ? ನೀವು ಬರೆದಿಲ್ಲ. ಆಗದಿದ್ದರೆ ಕೇಳಿ ಮಾಡಿಸಿ. ಮುಟ್ಟು ಬರಿಸುವ ಮಾತ್ರೆ ತಗೊಂಡರೆ ರಕ್ತಸ್ರಾವ ಆಗಬಹುದು, ಆದರೆ ತಾಳ ಅದರಿಂದ ಮರಳುವುದಿಲ್ಲ. ಅದಕ್ಕೆ ಬೇಕಾದದ್ದು ರಾತ್ರಿಯ ಊಟ, ಸ್ವಲ್ಪ ಕಮ್ಮಿ ಓಟ, ಕೆಲವು ತಿಂಗಳ ತಾಳ್ಮೆ. ಸುಮ್ನೆ ಕಾಯುತ್ತಾ ಕೂರಬೇಡಿ, ಅಂಡಾಶಯದಿಂದ ಬರುವ ಈಸ್ಟ್ರೊಜೆನ್ ಹಾರ್ಮೋನ್ ಇಲ್ಲದೆ ಈ ವಯಸ್ಸಿನಲ್ಲೇ ಮೂಳೆ ಸವೆಯುತ್ತದೆ.

ಮಕ್ಕಳಾಗುತ್ತವಾ ಅಂದಿರಿ. ಕಾರಣ ಇದೇ ಆಗಿದ್ದರೆ, ತೂಕ ಮರಳಿದ ಮೇಲೆ ಸಾಮಾನ್ಯವಾಗಿ ಅಂಡವೂ ಬರುತ್ತದೆ. ಬರದಿದ್ದರೆ ಎಫ್‌ಎಸ್‌ಎಚ್, ಎಲ್‌ಎಚ್ ಇಂಜೆಕ್ಷನ್ ಇವೆ. ಕೆಲವು ದೇಶಗಳಲ್ಲಿ ಸಣ್ಣ ಪಂಪ್ ಕಟ್ಟಿ ಜಿಎನ್‌ಆರ್‌ಎಚ್ ಅನ್ನೇ ಒಂದೂವರೆ ಗಂಟೆಗೊಮ್ಮೆ ಕೊಡುತ್ತಾರೆ, ಆ ಕೋತಿಗಳಿಗೆ ಕೊಟ್ಟ ಹಾಗೆಯೇ.

ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ ಅಮ್ಮನನ್ನೂ ಕರೆದುಕೊಂಡು ಹೋಗಿ. ‘ಸಿಗ್ನಲ್’ ಅಂದರೆ ಏನು ಅಂತ ಅವರೂ ಡಾಕ್ಟರ್ ಬಾಯಿಂದಲೇ ಕೇಳಲಿ.