1987ರ ರ‍್ಯಾಂಡಿ ಸ್ಯಾವೇಜ್ – ರಿಕಿ ಸ್ಟೀಮ್‌ಬೋಟ್ ಪಂದ್ಯ ಈಗ ನೋಡಿದರೂ ಚೆನ್ನಾಗಿದೆಯಾ? ಹಳೇ ರೆಸ್ಲಿಂಗ್ ಪಂದ್ಯವನ್ನು ಹೇಗೆ ವಿಮರ್ಶೆ ಮಾಡಬೇಕು?

ಖಂಡಿತ ಚೆನ್ನಾಗಿದೆ. ಈ ಥರದ ರೆಸ್ಲಿಂಗ್‌ನಲ್ಲಿ ಯಾರು ಗೆಲ್ಲಬೇಕು ಅನ್ನೋದು ಮೊದಲೇ ತೀರ್ಮಾನವಾಗಿರುತ್ತದೆ. ಹಾಗಾಗಿ ಫಲಿತಾಂಶವನ್ನಲ್ಲ, ಕಥೆ ಕಟ್ಟಿದ ರೀತಿಯನ್ನು ಅಳೆಯಬೇಕು.

ಅದಕ್ಕೆ ಹಿಂದಿನ ಎಪಿಸೋಡ್‌ಗಳನ್ನೂ ನೋಡಿ. 1986ರ ಕೊನೆಯಲ್ಲಿ ಸ್ಯಾವೇಜ್ ರಿಂಗ್ ಪಕ್ಕದ ಗಂಟೆ ಎತ್ತಿಕೊಂಡು ಸ್ಟೀಮ್‌ಬೋಟ್‌ನ ಗಂಟಲಿಗೆ ಪೆಟ್ಟು ಕೊಟ್ಟಿದ್ದ. ಅದನ್ನು ನೋಡದಿದ್ದರೆ 1987ರ ಮಾರ್ಚ್ 29ರಂದು ರೆಸಲ್‌ಮೇನಿಯಾ 3ರಲ್ಲಿ (WWF, ಅಂದರೆ ಈಗಿನ WWE, ನಡೆಸುವ ವರ್ಷದ ದೊಡ್ಡ ಷೋ) ನಡೆದ ಈ ಪಂದ್ಯದ ಅರ್ಧ ರುಚಿ ಸಿಗೋದಿಲ್ಲ. ಅಲ್ಲಿ ಕೊನೆಯಲ್ಲಿ ಸ್ಯಾವೇಜ್ ಮತ್ತೆ ಅದೇ ಥರ ಗಂಟೆ ಹಿಡಿದು ಮೂಲೆಯ ಹಗ್ಗದ ಮೇಲೆ ಹತ್ತುತ್ತಾನೆ. ಸ್ಟೀಮ್‌ಬೋಟ್ ಕಡೆಯ ಜಾರ್ಜ್ ಸ್ಟೀಲ್ ಅವನನ್ನು ಕೆಳಗೆ ತಳ್ಳುತ್ತಾನೆ. ಎದ್ದ ಸ್ಯಾವೇಜ್ ಎದುರಾಳಿಯನ್ನು ಎತ್ತಿ ಬಡಿಯೋಕೆ ಹೋಗುತ್ತಾನೆ. ಅಷ್ಟರಲ್ಲಿ ಸ್ಟೀಮ್‌ಬೋಟ್ ಅವನನ್ನೇ ಮಡಚಿ ಹಾಕಿ ಮೂರು ಎಣಿಸುವಷ್ಟು ಹೊತ್ತು ಒತ್ತಿ ಹಿಡಿದು ಇಂಟರ್‌ಕಾಂಟಿನೆಂಟಲ್ ಬೆಲ್ಟ್ (ಚಾಂಪಿಯನ್ ಪಟ್ಟ) ಗೆಲ್ಲುತ್ತಾನೆ. ಎಷ್ಟು ಅಚ್ಚುಕಟ್ಟು ಅಲ್ವಾ!

ಹದಿನೈದು ನಿಮಿಷಕ್ಕೂ ಕಮ್ಮಿ ಹೊತ್ತಿನ ಪಂದ್ಯ ಇದು. ಮೂರು ಎಣಿಸುವ ಮುನ್ನ ಎರಡರಲ್ಲೇ ತಪ್ಪಿಸಿಕೊಳ್ಳುವ ಕ್ಷಣಗಳು ಒಂದರ ಹಿಂದೆ ಒಂದು ಬರುತ್ತವೆ. ಸ್ಯಾವೇಜ್ ಪ್ರತಿ ಹೆಜ್ಜೆಯನ್ನೂ ಮೊದಲೇ ಬರೆದಿಟ್ಟುಕೊಂಡು ತಾಲೀಮು ಮಾಡುತ್ತಿದ್ದವನು. ಆ ಕಾಲಕ್ಕೆ ಅದು ಅಪರೂಪ.

ಈಗಿನ ಪಲ್ಟಿ, ಜಿಗಿತಗಳ ಲೆಕ್ಕದಲ್ಲಿ ಸುಮ್ನೆ ಅಂಕ ಕೊಡಬೇಡಿ. ಅದೇ ದಿನದ ಹಲ್ಕ್ ಹೋಗನ್ – ಆಂದ್ರೆ ದಿ ಜೈಂಟ್ ಪಂದ್ಯ ಪಕ್ಕದಲ್ಲಿಟ್ಟು ನೋಡಿ. ಅದು ನಿಧಾನ, ಆದರೂ ಹೆಸರು ಜಾಸ್ತಿ ಅದಕ್ಕೇ. ನನ್ನ ಪ್ರಕಾರ ಕುಸ್ತಿಯಾಗಿ ಗೆದ್ದದ್ದು ಮಾತ್ರ ಸ್ಯಾವೇಜ್–ಸ್ಟೀಮ್‌ಬೋಟ್ ಪಂದ್ಯವೇ.