ತೊಳೆಯುವ ಮುನ್ನ ಸಹಿಗಳನ್ನು ನೋಡಿ

ಮಾನ್ಯರೇ, ಹಳೆಯ ಮನೆಯೊಂದರ ಸಾಮಾನು ಮಾರಾಟದಲ್ಲಿ ಸಿಕ್ಕ ಅಮೆರಿಕದ ಬ್ಯಾಂಕೊಂದು ತನ್ನ ಹೆಸರಿನಲ್ಲಿ ಹೊರಡಿಸಿದ 10 ಡಾಲರಿನ 1902ರ ಪ್ಲೇನ್ ಬ್ಯಾಕ್ (ಹಿಂಬದಿಯಲ್ಲಿ ವರ್ಷಗಳ ಅಚ್ಚಿಲ್ಲದ) ನೋಟನ್ನು ಸೋಪಿನ ನೀರಿನಲ್ಲಿ ಅದ್ದಿ, ಇಸ್ತ್ರಿ ಮಾಡಿ, ಆಮೇಲೆ ಬೆಲೆ ಕಟ್ಟಿಸುವುದಾಗಿ ಬರೆದಿದ್ದೀರಿ. ದಯವಿಟ್ಟು ಆ ಕೆಲಸ ಮಾಡಬೇಡಿ. ಇದೇ ರೀತಿ ನಾನೊಂದು ನೋಟನ್ನು ಕೈಯಾರೆ ಕೆಡಿಸಿದ್ದೇನೆ.

ಅದು ಅಯೋವಾ ರಾಜ್ಯದ ಸಣ್ಣ ಊರೊಂದರ ಬ್ಯಾಂಕಿನ 20 ಡಾಲರಿನ ನೋಟು. ಇಂತಹ ದೊಡ್ಡ ಅಳತೆಯ ನೋಟುಗಳು ವಾಷಿಂಗ್ಟನ್ನಿನ ಸರ್ಕಾರಿ ಮುದ್ರಣಾಲಯದಿಂದ ಹಾಳೆಗಳಾಗಿ ಬರುತ್ತಿದ್ದವು. ಬ್ಯಾಂಕಿನ ಕ್ಯಾಷಿಯರ್ ಮತ್ತು ಅಧ್ಯಕ್ಷರು ಪೆನ್ನಿನಿಂದಲೋ ರಬ್ಬರ್ ಮೊಹರಿನಿಂದಲೋ ಸಹಿ ಹಾಕಿ ಅವನ್ನು ಚಲಾವಣೆಗೆ ಬಿಡುತ್ತಿದ್ದರು. ಸರ್ಕಾರಿ ಮುದ್ರಣದ ಶಾಯಿ ನೀರಿಗೆ ಜಗ್ಗಲಿಲ್ಲ, ಆದರೆ ಮೊಹರಿನ ನೇರಳೆ ಸಹಿಗಳೆರಡೂ ನನ್ನ ಕಣ್ಣೆದುರೇ ತಟ್ಟೆಯ ನೀರಿಗೆ ಇಳಿದುಹೋದವು. ಇಸ್ತ್ರಿಯ ಬಿಸಿಗೆ ಕಾಗದದ ಮೈಯೂ ಚಪ್ಪಟೆಯಾಯಿತು. ನೋಟಿನ ಸ್ಥಿತಿಯನ್ನು ಪರೀಕ್ಷಿಸಿ ದರ್ಜೆ ನೀಡುವ ಗ್ರೇಡಿಂಗ್‌ಗೆ ಕಳುಹಿಸಿದಾಗ ‘ತೊಳೆಯಲಾಗಿದೆ, ಒತ್ತಲಾಗಿದೆ’ ಎಂಬ ಷರಾ ಬಂತು, ಮತ್ತು ಆ ಷರಾ ನೋಟಿನೊಂದಿಗೇ ಉಳಿಯುತ್ತದೆ. ಆ ಊರಿನ ಇಬ್ಬರ ಗುರುತನ್ನು ಅಳಿಸಿದೆನಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ.

ಇನ್ನು ಬೆಲೆಯ ವಿಚಾರ. 1902 ಎಂಬುದು ನೋಟಿನ ವಿನ್ಯಾಸದ ಸರಣಿಯ ವರ್ಷವೇ ಹೊರತು ಅಚ್ಚಾದ ವರ್ಷವಲ್ಲ; ಪ್ಲೇನ್ ಬ್ಯಾಕ್ ನೋಟುಗಳು 1920ರ ದಶಕದಲ್ಲೂ ಅಚ್ಚಾಗಿವೆ. ಆದ್ದರಿಂದ ‘ನೂರಿಪ್ಪತ್ತು ವರ್ಷ ಹಳೆಯದು’ ಎಂಬ ಲೆಕ್ಕವನ್ನು ಬಿಟ್ಟು ಚಾರ್ಟರ್ ಸಂಖ್ಯೆಯನ್ನು (ಸರ್ಕಾರ ಪ್ರತಿ ಬ್ಯಾಂಕಿಗೂ ಕೊಟ್ಟ, ನೋಟಿನ ಮೇಲೆ ಅಚ್ಚಾಗಿರುವ ನೋಂದಣಿ ಸಂಖ್ಯೆ) ಹಿಡಿದು ಹೊರಡಿ. ಅದು 1461 ಆಗಿದ್ದರೆ ನ್ಯೂಯಾರ್ಕಿನ ನ್ಯಾಷನಲ್ ಸಿಟಿ ಬ್ಯಾಂಕ್. ಅಂತಹ ಮಹಾನಗರದ ಬ್ಯಾಂಕುಗಳ ನೋಟುಗಳು ಸಾಕಷ್ಟು ಉಳಿದಿವೆ. ಮೂರೋ ನಾಲ್ಕೋ ನೋಟು ಮಾತ್ರ ಉಳಿದಿರುವ ಹಳ್ಳಿಯ ಬ್ಯಾಂಕಾದರೆ, ಅಂಚು ಹರಿದಿದ್ದರೂ ಆ ರಾಜ್ಯದ ಸಂಗ್ರಾಹಕರು ಪೈಪೋಟಿಗೆ ಬೀಳುತ್ತಾರೆ. ಇಬೇಯಲ್ಲಿ ಮಾರುವವರು ಕೇಳುವ ಮೊತ್ತವನ್ನು ಬೆಲೆಯೆಂದು ನಂಬುವ ಅಭ್ಯಾಸವನ್ನು ನಮ್ಮ ಸಂಗ್ರಾಹಕರ ಗುಂಪಿನವರು ಬಿಡಲೇಬೇಕು. ಹೆರಿಟೇಜ್ ಎಂಬ ಹರಾಜು ಸಂಸ್ಥೆಯ ಹಳೆಯ ಹರಾಜುಗಳಲ್ಲಿ ಅದೇ ಬ್ಯಾಂಕಿನ, ಅದೇ ಬಗೆಯ ನೋಟು ನಿಜವಾಗಿ ಎಷ್ಟಕ್ಕೆ ಹೋಯಿತು ಎಂಬುದನ್ನು ಹುಡುಕಿ. ಆದರೂ ಒಂದೇ ಹರಾಜನ್ನು ನೆಚ್ಚಬೇಡಿ, ಏಕೆಂದರೆ ಇಬ್ಬರು ಹಟ ಹಿಡಿದ ದಿನದ ಬೆಲೆ ಮತ್ತೆ ಬರುವುದಿಲ್ಲ.

ನಿಮ್ಮ ಇನ್ನೊಂದು ಚಿತ್ರದಲ್ಲಿರುವ 1929ರ ಕಂದು ಮುದ್ರೆಯ ನೋಟಿನ ಮೇಲೆ ‘ನ್ಯಾಷನಲ್ ಕರೆನ್ಸಿ’ ಎಂದಿದ್ದರೂ ಚಾರ್ಟರ್ ಸಂಖ್ಯೆ ಇರಬೇಕಾದಲ್ಲಿ ‘ಜಿ’ ಅಕ್ಷರವಿದೆ. ಅದು ಅಮೆರಿಕದ ಕೇಂದ್ರೀಯ ಬ್ಯಾಂಕ್ ವ್ಯವಸ್ಥೆಗೆ ಸೇರಿದ ಷಿಕಾಗೋದ ಫೆಡರಲ್ ರಿಸರ್ವ್ ಬ್ಯಾಂಕಿನದು, ಸಾಮಾನ್ಯವಾಗಿ ಸಿಗುವಂಥದ್ದು.

ಎರಡನ್ನೂ ಇದ್ದಂತೆಯೇ ಮೈಲಾರ್ ಎಂಬ ಪಾರದರ್ಶಕ ಪಾಲಿಯೆಸ್ಟರ್ ಹಾಳೆಯ ಕವಚದಲ್ಲಿಡಿ. ಅಗ್ಗದ ಪಿವಿಸಿ ಕವಚ ಬೇಡ, ಅದು ಕಾಲಕ್ರಮೇಣ ಅಂಟಾಗಿ ಕಾಗದವನ್ನು ಹಿಡಿದುಕೊಳ್ಳುತ್ತದೆ. 10 ಡಾಲರಿನ ನೋಟಿನ ಚಾರ್ಟರ್ ಸಂಖ್ಯೆಯೂ ಸಹಿಗಳೂ ಓದಲು ಬರುವಂತೆ ಮುಂಭಾಗದ ಚಿತ್ರವನ್ನು ಮತ್ತೊಮ್ಮೆ ಹಾಕಿದರೆ ಬ್ಯಾಂಕನ್ನು ಹುಡುಕಿ ತಿಳಿಸುತ್ತೇನೆ.