ಟೆಸ್ಟ್ ಪಾಸಿಟಿವ್ ಬಂದಿದೆ, ಕೆಮ್ಮು ಮಾತ್ರ ಇಲ್ಲ!

ಪ್ರಶ್ನೆ: ಡಾಕ್ಟ್ರೇ, ನಮ್ಮ ಮಾವನವರಿಗೆ ಶ್ವಾಸಕೋಶದ ಟಿಬಿ ಇದೆ ಅಂತ ಹೋದ ವಾರ ಗೊತ್ತಾಯಿತು. ಮನೆಯವರೆಲ್ಲ ಚರ್ಮದ ಟೆಸ್ಟ್ ಮಾಡಿಸಿಕೊಂಡೆವು. ನನಗೆ ಪಾಸಿಟಿವ್, ನಮ್ಮ ಯಜಮಾನರಿಗೆ ನೆಗೆಟಿವ್. ನನಗೆ ಕೆಮ್ಮೂ ಇಲ್ಲ, ಜ್ವರವೂ ಇಲ್ಲ. ಆದರೂ ಮಾತ್ರೆ ನುಂಗಬೇಕಾ? ಮೂರು ವರ್ಷದ ಮಗಳನ್ನು ನನ್ನಿಂದ ದೂರ ಇಡಬೇಕಾ?

ಉತ್ತರ: ಮೊದಲು ಎದೆಯ ಎಕ್ಸ್-ರೇ ತೆಗೆಸಿ. ಟೆಸ್ಟ್ ಪಾಸಿಟಿವ್ ಅಂದರೆ ರೋಗಾಣು ಮೈಯೊಳಗೆ ಹೊಕ್ಕಿದೆ ಅಂತ ಅಷ್ಟೇ. ಅದು ಸುಮ್ಮನಿದೆಯೋ, ರೋಗವಾಗಿ ಎದ್ದಿದೆಯೋ ಅನ್ನುವುದನ್ನು ಚರ್ಮದ ಟೆಸ್ಟೂ ಹೇಳುವುದಿಲ್ಲ, ಇಗ್ರಾ ಅನ್ನುವ ರಕ್ತದ ಟೆಸ್ಟೂ ಹೇಳುವುದಿಲ್ಲ. ಎಕ್ಸ್-ರೇ ಸರಿಯಿದ್ದು ನಿಮಗೆ ಯಾವ ತೊಂದರೆಯೂ ಇಲ್ಲದಿದ್ದರೆ ಅದು ಸುಪ್ತ ಟಿಬಿ. ಅದು ಯಾರಿಗೂ ಹರಡುವುದಿಲ್ಲ, ಹಾಗಾಗಿ ಮಗಳನ್ನು ನಿಮ್ಮಿಂದ ದೂರ ಇಡಬೇಕಿಲ್ಲ.

ಚಿಕ್ಕವರಿದ್ದಾಗ ಟಿಬಿ ತಡೆಯುವ ಬಿಸಿಜಿ ಲಸಿಕೆ ಹಾಕಿಸಿಕೊಂಡಿದ್ದರೂ ಚರ್ಮದ ಟೆಸ್ಟ್ ಪಾಸಿಟಿವ್ ಬರಬಹುದು, ರಕ್ತದ ಟೆಸ್ಟಿಗೆ ಆ ಗೊಂದಲ ಇಲ್ಲ. ಆದರೆ ರೋಗಿಯ ಜೊತೆ ಒಂದೇ ಮನೆಯಲ್ಲಿದ್ದು 'ಅದು ಬಿಸಿಜಿಯದೇ ಇರಬೇಕು' ಅಂತ ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ.

ಸುಪ್ತ ಸೋಂಕು ಇರುವ 100 ಜನರಲ್ಲಿ 5ರಿಂದ 10 ಜನರಿಗೆ ಮುಂದೆ ಯಾವಾಗಲೋ ಟಿಬಿ ರೋಗ ಬರುತ್ತದೆ, ಅದರಲ್ಲೂ ಸೋಂಕು ತಗುಲಿದ ಮೊದಲ 2 ವರ್ಷಗಳಲ್ಲೇ ಅಪಾಯ ಜಾಸ್ತಿ. ಶುಗರ್, ಎಚ್‌ಐವಿ ಇದ್ದರೆ ಇನ್ನೂ ಹೆಚ್ಚು. ಅದಕ್ಕೇ ಮಾತ್ರೆ. ವಾರಕ್ಕೊಮ್ಮೆಯಂತೆ 12 ವಾರ ನುಂಗುವ ಕೋರ್ಸ್ ಇದೆ, ದಿನಾ ನುಂಗುವ 6 ತಿಂಗಳ ಕೋರ್ಸೂ ಇದೆ. ಮಾವನವರ ಟಿಬಿ ಮಾಮೂಲಿ ಔಷಧಿಗೆ ಬಗ್ಗದ ಬಗೆಯದಾದರೆ ನಿಮ್ಮ ಮಾತ್ರೆಯೂ ಬದಲಾಗಬೇಕು, ಅವರ ಕಫದ ರಿಪೋರ್ಟ್ ಡಾಕ್ಟರಿಗೆ ತೋರಿಸಿ.

ಮಗಳ ವಿಷಯದಲ್ಲಿ ತಡ ಮಾಡಬೇಡಿ. 5 ವರ್ಷದೊಳಗಿನ ಮಕ್ಕಳಲ್ಲಿ ಸೋಂಕು ಬೇಗ ರೋಗವಾಗುತ್ತದೆ, ಮಿದುಳಿಗೂ ಹೋಗಬಹುದು. ಅವಳಿಗೆ ಟಿಬಿ ರೋಗ ಇಲ್ಲ ಅಂತ ಮಕ್ಕಳ ಡಾಕ್ಟರು ನೋಡಿ ಹೇಳಿದರೆ ಸಾಕು, ಚರ್ಮದ ಟೆಸ್ಟ್ ನೆಗೆಟಿವ್ ಬಂದಿದ್ದರೂ ತಡೆ ಔಷಧಿ ಶುರು ಮಾಡಬಹುದು.

ಇನ್ನು ನಿಮ್ಮ ಯಜಮಾನರು. ನೆಗೆಟಿವ್ ಬಂದವರೇ ಜಾಸ್ತಿ ನಿರಾಳರಾಗಿಬಿಡುತ್ತಾರೆ, ಅಲ್ವಾ? ರೋಗಾಣು ಹೊಕ್ಕ ಮೇಲೆ ಟೆಸ್ಟಿನಲ್ಲಿ ಕಾಣಿಸಿಕೊಳ್ಳಲು 8 ವಾರದವರೆಗೂ ಹಿಡಿಯಬಹುದು. ಆದ್ದರಿಂದ 8–10 ವಾರ ಬಿಟ್ಟು ಅವರು ಇನ್ನೊಮ್ಮೆ ಮಾಡಿಸಲಿ. ಚರ್ಮದ ಟೆಸ್ಟಿಗೆ ಕೈಗೆ ಚುಚ್ಚಿದ 48ರಿಂದ 72 ಗಂಟೆಯೊಳಗೆ ಹೋಗಿ ಕೈ ತೋರಿಸಬೇಕು, ಆ ಮೇಲೆ ಹೋದರೆ ಆ ಟೆಸ್ಟ್ ಲೆಕ್ಕಕ್ಕಿಲ್ಲ.